ಹೋಗುವ ಸಾಲು, ಬರುವ ಸಾಲು

ಕಣ್ಣಿನ ನೆರವಿಲ್ಲದೆ ಕ್ರೋಶೆ ಹೆಣೆಯಬಹುದೆಂದು ಯಾರಾದರೂ ಹೇಳಿದ್ದರೆ ಕಳೆದ ವರ್ಷದ ಆಟಿ ತಿಂಗಳವರೆಗೆ ನಾನು ನಂಬುತ್ತಿರಲಿಲ್ಲ. ಕೈಗೆಲಸದಲ್ಲಿ ಕಣ್ಣೇ ಯಜಮಾನ, ಕೈ ಅದರ ಆಳು ಎಂಬುದು ನನ್ನ ತಿಳಿವಳಿಕೆಯಾಗಿತ್ತು. ಆ ತಿಳಿವಳಿಕೆಯನ್ನು ತಿದ್ದಿದವರು ಕೆದಂಬಾಡಿಯಲ್ಲಿರುವ ನಮ್ಮ ಅತ್ತೆಯವರು. ತಿದ್ದಿದ ಸಾಧನ, ಮುಕ್ಕಾಲು ಮೊಳ ಉದ್ದದ ಒಂದು ಬಿದಿರಿನ ಕೊಕ್ಕೆ.

ಪುತ್ತೂರಿನಿಂದ ಸುಳ್ಯದ ಹೆದ್ದಾರಿ ಹಿಡಿದು, ಕುಂಬ್ರದಲ್ಲಿ ಬೆಳ್ಳಾರೆಯ ರಸ್ತೆಗೆ ಹೊರಳಿ, ತಿಂಗಳಾಡಿಯಲ್ಲಿ ಬಸ್ಸಿಳಿದರೆ ಕೆದಂಬಾಡಿ ಗ್ರಾಮ. 1837ರ ಅಮರಸುಳ್ಯದ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರಿಂದಾಗಿ ಈ ಹೆಸರನ್ನು ಕೇಳಿದವರು ಅನೇಕರಿರಬಹುದು. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಅವರ ಪ್ರತಿಮೆ ನಿಂತ ಮೇಲಂತೂ ಕೇಳದವರು ವಿರಳ. ಆದರೆ ನಾನು ಹೇಳಹೊರಟಿರುವುದು ವೀರಗಾಥೆಯನ್ನಲ್ಲ. ಅಡಿಕೆ ತೋಟದಂಚಿನ ಒಂದು ಮನೆಯ ಚಾವಡಿಯಲ್ಲಿ, ಹೊರಗೆ ಮಳೆ ಹೊಡೆಯುತ್ತಿದ್ದಾಗ, ಐವತ್ತು ದಾಟಿದ ಸೊಸೆಯೊಬ್ಬಳು ಎಂಬತ್ತು ದಾಟಿದ ಅತ್ತೆಯಿಂದ ಪಾಠ ಹೇಳಿಸಿಕೊಂಡ ಕಥೆ ಇದು.

ಅತ್ತೆಯವರ ಕಣ್ಣಿನ ದೃಷ್ಟಿ ಆರು ವರ್ಷಗಳ ಹಿಂದೆಯೇ ಕೆಟ್ಟಿತ್ತು. ಪೂರ್ಣ ಕುರುಡಲ್ಲ. ವಯಸ್ಸಾದವರಿಗೆ ಬರುವ ಅಕ್ಷಿಪಟಲದ ರೋಗವೊಂದರಲ್ಲಿ ನೋಟದ ನಡುಭಾಗ ಮಾತ್ರ ಮಸಕಾಗಿ, ಅಂಚು ಉಳಿದುಕೊಳ್ಳುತ್ತದೆ. ಅಂಗಳದಲ್ಲಿ ಅವರು ಯಾರ ಕೈಯನ್ನೂ ಹಿಡಿಯದೆ ನಡೆಯಬಲ್ಲರು. ಎದುರಿಗೆ ನಿಂತವರ ಮುಖ ಮಾತ್ರ ಕಾಣದು. ದಿನಪತ್ರಿಕೆ ಹೋಯಿತು, ಅಕ್ಕಿ ಆರಿಸುವುದು ಹೋಯಿತು. ಹೆಣೆಯುವುದೊಂದು ಹೋಗಲಿಲ್ಲ. ಕಳೆದ ವರ್ಷ ಮೊಮ್ಮಗಳು ಗರ್ಭಿಣಿಯೆಂದು ತಿಳಿದ ದಿನವೇ ಮಗುವಿಗೊಂದು ಹೊದಿಕೆ ತಮ್ಮ ಕೈಯಿಂದಲೇ ಆಗಬೇಕೆಂದು ಹತ್ತಿಯ ನೂಲು ತರಿಸಿ ಆರಂಭಿಸಿಬಿಟ್ಟರು. ಮೂರು ಪಟ್ಟಿಗಳನ್ನು ಹೆಣೆದು ಜೋಡಿಸುವ ಹೊದಿಕೆ. ಮೊದಲ ಪಟ್ಟಿ ಮುಗಿದು ಎರಡನೆಯದು ಅರ್ಧಕ್ಕೆ ಬರುವಷ್ಟರಲ್ಲಿ ಬೆರಳ ಗಂಟುಗಳು ಊದಿಕೊಂಡು, ಕೊಕ್ಕೆಯನ್ನು ಎರಡು ನಿಮಿಷ ಹಿಡಿಯಲಾಗದ ಸ್ಥಿತಿ ಬಂತು. ಕಣ್ಣು ಹೋದಾಗ ಬೆರಳು ಆ ಕೆಲಸವನ್ನು ವಹಿಸಿಕೊಂಡಿತ್ತು. ಬೆರಳು ಸೋತಾಗ ವಹಿಸಿಕೊಳ್ಳಲು ಇನ್ನೇನಿದೆ?

ನಾನು ಬೆಂಗಳೂರಿನಿಂದ ಹೋದಾಗ ಆ ಅರ್ಧ ಪಟ್ಟಿ ಕೊಕ್ಕೆಯ ಸಮೇತ ಒಂದು ಬೈರಾಸಿನಲ್ಲಿ ಸುತ್ತಿ ಕಪಾಟಿನಲ್ಲಿತ್ತು. ಹೆರಿಗೆ ಸೋಣ ತಿಂಗಳ ಕೊನೆಗೆ. ಉಳಿದದ್ದು ಏಳು ವಾರ.

“ನಿನಗೆ ಕ್ರೋಶೆ ಬರ್ತದಲ್ಲ, ನೀನು ಮುಗಿಸು” ಎಂದರು ಅತ್ತೆ.

ಬರುತ್ತದೆಂದೇ ನಾನೂ ಭಾವಿಸಿದ್ದೆ. ಟೇಬಲ್ಲಿನ ಹಾಸು, ದೇವರ ಬಾಗಿಲಿನ ತೋರಣ, ಕೈಚೀಲ, ಇವುಗಳನ್ನೆಲ್ಲ ಹೆಣೆದು ನಾಲ್ಕು ಜನರಿಂದ ಹೊಗಳಿಸಿಕೊಂಡವಳು. ಆದರೆ ಬೈರಾಸನ್ನು ಬಿಚ್ಚಿ ನೋಡಿದಾಗ ಅದು ನಾನು ಬಲ್ಲ ಕ್ರೋಶೆಯಾಗಿರಲಿಲ್ಲ. ಸಾಮಾನ್ಯ ಕ್ರೋಶೆಯಲ್ಲಿ ಕಡ್ಡಿಯ ಮೇಲೆ ಯಾವಾಗಲೂ ಒಂದೇ ಕುಣಿಕೆ ಉಳಿಯುತ್ತದೆ. ಇಲ್ಲಿ ಐವತ್ತು ಕುಣಿಕೆಗಳು ಹಕ್ಕಿಗಳಂತೆ ಸಾಲಾಗಿ ಕುಳಿತಿದ್ದವು. ಸ್ವೆಟರಿನ ಹೆಣಿಗೆಯೋ ಎಂದರೆ ಎರಡನೆಯ ಕಡ್ಡಿ ಇಲ್ಲ. ಬಟ್ಟೆಯ ಮೈ ತುಂಬ ಸಣ್ಣ ಸಣ್ಣ ಗುಂಡಿಗಳು, ಅವುಗಳ ನಡುವೆ ಉಬ್ಬು. ಜೇನಿನ ಎರಿಯನ್ನು ಬಟ್ಟೆಯಲ್ಲಿ ಅಚ್ಚೊತ್ತಿದಂತೆ.

ಇದರ ಹೆಸರೇನೆಂದು ಕೇಳಿದೆ. “ಹೆಸರು ಎಂತ? ಉದ್ದ ಕಡ್ಡಿಯ ಕೆಲಸ. ಇದು ಎರಿ ಹಾಕುವುದು” ಎಂಬ ಉತ್ತರ ಬಂತು. ಮಂಗಳೂರಿನ ಶಾಲೆಯೊಂದರಲ್ಲಿ ಓದುತ್ತಿದ್ದಾಗ ಹೊಲಿಗೆಯ ಟೀಚರು ಕಲಿಸಿದ್ದಂತೆ. ಆ ರಾತ್ರಿ ಮೊಬೈಲ್ ಫೋನಿನಲ್ಲಿ ಹುಡುಕಿದಾಗ ತಿಳಿಯಿತು: ಇದಕ್ಕೆ ಜಗತ್ತಿನಲ್ಲಿ ಟ್ಯುನೀಷಿಯನ್ ಕ್ರೋಶೆ ಎಂದು ಹೆಸರು, ಈ ವಿನ್ಯಾಸಕ್ಕೆ ಜೇನುಗೂಡು ಎಂದು. ಎರಡನೆಯ ಹೆಸರನ್ನು ಅತ್ತೆ ತಾವಾಗಿಯೇ ಇಟ್ಟಿದ್ದರೋ, ಟೀಚರಮ್ಮ ಹೇಳಿದ್ದನ್ನು ಊರಿನ ಮಾತಿಗೆ ಇಳಿಸಿಕೊಂಡಿದ್ದರೋ, ಅವರಿಗೂ ನೆನಪಿಲ್ಲ.

ಟ್ಯುನೀಷಿಯಾ ಆಫ್ರಿಕದ ಉತ್ತರ ತೀರದ ದೇಶ. ಈ ಹೆಣಿಗೆ ಅಲ್ಲಿಯೇ ಹುಟ್ಟಿತೆಂಬುದಕ್ಕೆ ಪುರಾವೆಯಿಲ್ಲ. 19ನೆಯ ಶತಮಾನದ ಮಧ್ಯಭಾಗದ ಯೂರೋಪಿನ ಕೈಗೆಲಸದ ಪುಸ್ತಕಗಳಲ್ಲಿ ಇದು ಒಮ್ಮೆಲೇ ಹಲವು ಹೆಸರುಗಳಿಂದ ಕಾಣಿಸಿಕೊಳ್ಳುತ್ತದೆ. ಒಬ್ಬರು ಟ್ರಿಕೊ ಎಂದರು. ಇನ್ನೊಬ್ಬರು ಆಫ್ಘನ್ ಎಂದರು. ವಿಕ್ಟೋರಿಯಾ ರಾಣಿಯ ಹಿರಿಯ ಮಗಳು 1858ರಲ್ಲಿ ಪ್ರಷ್ಯದ ರಾಜಕುಮಾರ ಫ್ರೆಡರಿಕ್ ವಿಲಿಯಮನನ್ನು ವರಿಸಿದಾಗ ಆಕೆಯ ಹೊಸ ಹೆಸರನ್ನೂ ಇದಕ್ಕೆ ಅಂಟಿಸಿದರು. 1886ರಲ್ಲಿ ತೆರೇಸ್ ದ ದಿಲ್ಮೋಂಟ್ ಎಂಬ ಮಹಿಳೆ ಪ್ರಕಟಿಸಿದ ಸೂಜಿಗೆಲಸದ ವಿಶ್ವಕೋಶದಲ್ಲಿ ಟ್ಯುನೀಷಿಯನ್ ಎಂಬ ಹೆಸರೇ ಇದೆ. ಹೆಸರಿಟ್ಟವರಿಗೆ ದೂರದೇಶದ ಮೋಹ ಇತ್ತೆಂದು ತೋರುತ್ತದೆ. ಮಸ್ಲಿನ್ ನೆಯ್ದವರ ಕೈಗೆ ಹೆಸರಿಲ್ಲ, ಆದರೆ ಹೊದ್ದವರ ಊರಿಗೆಲ್ಲ ಹೆಸರುಂಟು. ಲೋಕದ ರೀತಿಯೇ ಹಾಗೆ.

ನಮ್ಮ ಕರಾವಳಿಗೆ ಇಂತಹ ಕೆಲಸಗಳು ಬಂದ ದಾರಿಯನ್ನು ಊಹಿಸುವುದು ಕಷ್ಟವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಶಾಲೆ, ಮುದ್ರಣ, ನೆಯ್ಗೆ, ಹೆಂಚು ಎಂದು ಒಂದೊಂದಾಗಿ ಕೈ ಹಾಕಿದರು. ಮುಂದೆ ಕಾನ್ವೆಂಟುಗಳೂ ಬಂದವು. ಹುಡುಗಿಯರ ಶಾಲೆಯೆಂದರೆ ಓದು, ಬರಹ, ಲೆಕ್ಕದ ಜೊತೆಗೆ ಸೂಜಿ, ದಾರ ಇದ್ದೇ ಇರುತ್ತಿದ್ದ ಕಾಲ ಅದು. ಅಲ್ಲಿ ಕಲಿತವರು ಮದುವೆಯಾಗಿ ಘಟ್ಟದ ಬುಡದ ಹಳ್ಳಿಗಳಿಗೆ ಹೋದರು. ಟ್ರಂಕಿನಲ್ಲಿ ಕೊಕ್ಕೆ ಕಡ್ಡಿಯೂ ಹೋಯಿತು. ಅತ್ತೆಯವರ ಈಗಿನ ಕಡ್ಡಿ ಆ ಟ್ರಂಕಿನದಲ್ಲ. ಅದು ಕಬ್ಬಿಣದ್ದಾಗಿತ್ತು, ಇಲ್ಲಿಯ ಮಳೆಗಾಲದ ತೇವಕ್ಕೆ ತುಕ್ಕು ಹಿಡಿದು ನೂಲಿಗೆ ಕೆಂಪು ಬಿಡುತ್ತಿತ್ತಂತೆ. ನಮ್ಮ ಮಾವನವರು ಹಿತ್ತಿಲ ಬಿದಿರಿನಿಂದ ಒಂದನ್ನು ಕೆತ್ತಿ, ಗಾಜಿನ ಚೂರಿನಿಂದ ಹೆರೆದು, ತೆಂಗಿನೆಣ್ಣೆ ಹಚ್ಚಿ ನಯ ಮಾಡಿಕೊಟ್ಟರು. ಒಂದು ತುದಿಯಲ್ಲಿ ಕೊಕ್ಕೆ. ಇನ್ನೊಂದು ತುದಿಯಲ್ಲಿ ಕುಣಿಕೆಗಳು ಜಾರಿಹೋಗದಂತೆ ಒಂದು ಉಬ್ಬು. ಮಾವನವರು ಈಗಿಲ್ಲ. ಕಡ್ಡಿ ಜೇನಿನ ಬಣ್ಣಕ್ಕೆ ತಿರುಗಿದೆ.

ಮರುದಿನ ಬೆಳಿಗ್ಗೆ ಪಾಠ. ಫೋನಿನಲ್ಲಿ ನೋಡಿದ ಧೈರ್ಯದಿಂದ ನಾನು ಅರ್ಧ ಪಟ್ಟಿಯನ್ನೇ ಕೈಗೆತ್ತಿಕೊಳ್ಳಹೋದೆ. ಅತ್ತೆ ಕೊಡಲಿಲ್ಲ. “ಮೊದಲು ಬೇರೆ ನೂಲಲ್ಲಿ ಇಪ್ಪತ್ತು ಕುಣಿಕೆ ಹಾಕು. ಎಂತ ಅವಸರ?”

ಕಲಿಯಬೇಕೆನ್ನುವ ಸೋದರಿಯರು ಅದೇ ಇಪ್ಪತ್ತರಿಂದ ತೊಡಗಬಹುದು. ಮಾಮೂಲಿ ಕ್ರೋಶೆಯಂತೆ 20 ಸರಪಣಿ ಹಾಕಿ. ನೂಲಿಗೆ ಸಾಮಾನ್ಯವಾಗಿ ಬಳಸುವುದಕ್ಕಿಂತ ಒಂದೆರಡು ಅಳತೆ ದಪ್ಪನೆಯ ಕಡ್ಡಿಯೇ ಇರಲಿ. ಕಾರಣ ಮುಂದೆ ಹೇಳುತ್ತೇನೆ. ಸರಪಣಿಯನ್ನು ಮಗುಚಿ ನೋಡಿದರೆ ಹಿಂಬದಿಯಲ್ಲಿ ಬೆನ್ನುಮೂಳೆಯಂತಹ ಸಣ್ಣ ಉಬ್ಬುಗಳು ಕಾಣುತ್ತವೆ. ಕಡ್ಡಿಯಿಂದ ಎರಡನೆಯ ಉಬ್ಬಿನಿಂದ ಮೊದಲ್ಗೊಂಡು ಒಂದೊಂದರಲ್ಲೂ ಕೊಕ್ಕೆ ತೂರಿಸಿ, ನೂಲೆಳೆದು, ಬಂದ ಕುಣಿಕೆಯನ್ನು ಕಡ್ಡಿಯ ಮೇಲೆಯೇ ಬಿಡಬೇಕು. ಕೊನೆಗೆ ಕಡ್ಡಿಯ ಮೇಲೆ 20 ಕುಣಿಕೆಗಳು. ಇದು ಹೋಗುವ ಸಾಲು.

ಈಗ ಬಟ್ಟೆಯನ್ನು ತಿರುಗಿಸಕೂಡದು. ಈ ಕೆಲಸದಲ್ಲಿ ಬಟ್ಟೆ ಎಂದೂ ಬೆನ್ನು ತೋರಿಸುವುದಿಲ್ಲ. ನೂಲನ್ನು ಕೊಕ್ಕೆಗೆ ಸುತ್ತಿ ಮೊದಲು ಒಂದೇ ಕುಣಿಕೆಯ ಮೂಲಕ ಎಳೆಯಿರಿ. ಆಮೇಲೆ ಪ್ರತಿ ಸಲವೂ ನೂಲು ಸುತ್ತಿ ಎರಡೆರಡು ಕುಣಿಕೆಗಳ ಮೂಲಕ ಎಳೆಯುತ್ತ, ಎಡದಿಂದ ಬಲಕ್ಕೆ ಹಿಂದಿರುಗಬೇಕು. ಕಡೆಗೆ ಕಡ್ಡಿಯ ಮೇಲೆ ಒಂದೇ ಕುಣಿಕೆ ಉಳಿಯುತ್ತದೆ. ಇದು ಬರುವ ಸಾಲು. ಹೋಗಿ ಬಂದರೆ ಒಂದು ಸಾಲು ಮುಗಿಯಿತು. ಈಗ ಬಟ್ಟೆಯ ಮುಖದ ಮೇಲೆ ಕಿಟಕಿಯ ಸರಳುಗಳಂತೆ ನಿಂತ ಎಳೆಗಳು ಕಾಣುತ್ತವೆ. ಇನ್ನು ಮುಂದಿನ ಕೆಲಸವೆಲ್ಲ ಈ ಸರಳುಗಳಲ್ಲಿಯೇ.

ಕಡ್ಡಿಯ ಮೇಲೆ ಉಳಿದ ಕುಣಿಕೆಯೇ ಹೊಸ ಸಾಲಿನ ಮೊದಲನೆಯದು. ಆದಕಾರಣ ಅದರ ಕೆಳಗಿನ ಸರಳನ್ನು ಬಿಟ್ಟು ಎರಡನೆಯದರಿಂದ ಹೊರಡಬೇಕು. ನೂಲನ್ನು ಬಟ್ಟೆಯ ಹಿಂದಿಟ್ಟುಕೊಂಡು, ಬಲದಿಂದ ಎಡಕ್ಕೆ ಸರಳಿನ ಕೆಳಗೆ ಕೊಕ್ಕೆ ತೂರಿಸಿ ಕುಣಿಕೆ ಎಳೆದರೆ ಅದು ಸಾದಾ. ಅದೇ ಸರಳಿನ ಕೆಳಗೆ ಕೊಕ್ಕೆ ತೂರಿಸುವ ಮೊದಲು ನೂಲನ್ನು ಬಟ್ಟೆಯ ಮುಂದಕ್ಕೆ ತಂದುಕೊಂಡು ಕುಣಿಕೆ ಎಳೆದರೆ ಅದು ಉಲ್ಟಾ. ಆಗ ಸರಳಿನ ಬುಡದಲ್ಲಿ ಅಡ್ಡಲಾಗಿ ಒಂದು ಸಣ್ಣ ಗಂಟು ಮೂಡುತ್ತದೆ. ಒಂದು ಸಾದಾ, ಒಂದು ಉಲ್ಟಾ, ಹೀಗೆ ಸಾಲಿನುದ್ದಕ್ಕೂ. ಕಡೆಯ ಸರಳು ಮಾತ್ರ ಯಾವಾಗಲೂ ಸಾದಾ. ಅದರಲ್ಲಿ ಎರಡು ಎಳೆಗಳಿರುತ್ತವೆ, ಎರಡರ ಕೆಳಗೂ ಕೊಕ್ಕೆ ಹೋಗಬೇಕು. ಬರುವ ಸಾಲು ಮೊದಲಿನಂತೆಯೇ. ಮುಂದಿನ ಸಾಲಿನಲ್ಲಿ ಅದಲುಬದಲು: ಕೆಳಗೆ ಸಾದಾ ಇದ್ದಲ್ಲಿ ಉಲ್ಟಾ, ಉಲ್ಟಾ ಇದ್ದಲ್ಲಿ ಸಾದಾ. ನಾಲ್ಕಾರು ಸಾಲು ಏರುವಷ್ಟರಲ್ಲಿ ಎರಿ ತಾನಾಗಿಯೇ ಮೂಡುತ್ತದೆ.

ಓದುವಾಗ ಇದು ಸುಲಭವೆಂದೇ ತೋರುತ್ತದೆ. ನನಗೂ ಹಾಗೆಯೇ ತೋರಿತ್ತು. ಇಪ್ಪತ್ತು ಕುಣಿಕೆಗಳಿಂದ ಹೊರಟ ನನ್ನ ತುಂಡು ಹತ್ತನೆಯ ಸಾಲಿಗೆ ಹದಿನಾರಕ್ಕೆ ಇಳಿದು, ನೋಡಲು ಇಡ್ಲಿ ಹಿಟ್ಟು ಸೋಸುವ ಲಾಳಿಕೆಯಂತಿತ್ತು. ಎಡದಂಚಿನ ಜೋಡಿ ಎಳೆಯನ್ನು ನಾಲ್ಕು ಸಲ ಮರೆತಿದ್ದೆ. ಎರಡು ಕಡೆ ಬರುವ ಸಾಲಿನ ಮೊದಲ ಎಳೆತವನ್ನೇ ಎರಡು ಕುಣಿಕೆಗಳ ಮೂಲಕ ಎಳೆದು ಅಂಚನ್ನು ಸೊಟ್ಟ ಮಾಡಿದ್ದೆ. ನಡುವೆ ಎಲ್ಲೋ ಸಾದಾದ ಮೇಲೆ ಸಾದಾ, ಉಲ್ಟಾದ ಮೇಲೆ ಉಲ್ಟಾ ಬಿದ್ದು, ಎರಿಯ ಬದಲು ಉದ್ದುದ್ದ ಪಟ್ಟೆಗಳು ಎದ್ದಿದ್ದವು. ಸಾಲದ್ದಕ್ಕೆ ಇಡೀ ತುಂಡು ಕೆಳಗಿನಿಂದ ಸುರುಳಿ ಸುತ್ತಿಕೊಳ್ಳುತ್ತಿತ್ತು.

ಕಾಗದದ ಮೇಲೆ ಬರೆದಿಟ್ಟುಕೊಂಡು ಎಣಿಸಿದೆ. ಸಾದಾ, ಉಲ್ಟಾ, ಸಾದಾ, ಉಲ್ಟಾ. ಅಡಿಗೆಮನೆಯಿಂದ ಯಾರೋ ಕರೆದರೆ ಲೆಕ್ಕ ತಪ್ಪುತ್ತಿತ್ತು. ಅತ್ತೆ ನನ್ನ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಸವರಿ, “ಇಲ್ಲಿ ತಪ್ಪಿದೆ, ಇಲ್ಲಿಯೂ ತಪ್ಪಿದೆ” ಎಂದು ಒಂದೊಂದನ್ನೂ ತೋರಿಸಿದರು. ಕಣ್ಣಿದ್ದ ನಾನು ಕಾಣದ ತಪ್ಪುಗಳು ಅವು! ಬಳಿಕ ಅವರೆಂದ ಮಾತೇ ಈ ಪಾಠದ ಸಾರ:

“ನೀನು ಎಣಿಸ್ಲಿಕ್ಕೆ ಹೋಗುವುದೇ ತಪ್ಪು. ಕಣ್ಣು ಮುಚ್ಚು. ಮುಂದಿನ ಸರಳಿನ ಬುಡ ಮುಟ್ಟು. ಗಂಟು ಸಿಕ್ತದಾ?”

“ಸಿಕ್ಕಿತು ಅತ್ತೆ.”

“ಹಾಗಾದ್ರೆ ಸಾದಾ. ಅದರ ಆಚೆಯದ್ದು?”

“ನುಣುಪಾಗಿದೆ.”

“ಅಲ್ಲಿ ಗಂಟು ಹಾಕು. ಇಷ್ಟೇ. ಅದ್ರಲ್ಲಿ ಎಣಿಸ್ಲಿಕ್ಕೆ ಎಂತ ಉಂಟು?”

ಆಗ ನನಗೆ ಅರ್ಥವಾಯಿತು, ಇಷ್ಟೆಲ್ಲ ವಿನ್ಯಾಸಗಳಿರುವಾಗ ಅವರು ಇದನ್ನೇ ಏಕೆ ಆರಿಸಿಕೊಂಡರೆಂದು. ಬರಿಯ ಸಾದಾ ಕುಣಿಕೆಯ ಬಟ್ಟೆ ಒಂದೇ ಸಮನಾಗಿರುತ್ತದೆ; ಮಸಕು ಕಣ್ಣಿನವರಿಗೆ ಅದರಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಉಬ್ಬುತಗ್ಗುಗಳ ಬಟ್ಟೆಯಾದರೋ ತನ್ನ ಲೆಕ್ಕವನ್ನು ತನ್ನ ಮೈಮೇಲೆಯೇ ಬರೆದುಕೊಂಡಿರುತ್ತದೆ. ಮುಂದೇನು ಮಾಡಬೇಕೆಂಬುದನ್ನು ಕೆಳಗಿನ ಸಾಲೇ ಹೇಳುತ್ತದೆ. ಅವರು ಆರು ವರ್ಷಗಳಿಂದ ಓದುತ್ತಿದ್ದ ಬರಹ ಅದು. ನಾನು ಅಂದಕ್ಕೆಂದು ತಿಳಿದಿದ್ದೆ.

ಸುರುಳಿಯ ಮರ್ಮವನ್ನೂ ಅಂದೇ ತಿಳಿದೆ. ಈ ಹೆಣಿಗೆಯಲ್ಲಿ ಬಟ್ಟೆ ಎಂದೂ ಮಗುಚದೆ ಇರುವುದರಿಂದ ಮುಂಬದಿಯ ಎಳೆತವೂ ಹಿಂಬದಿಯ ಎಳೆತವೂ ಸಮವಾಗಿರುವುದಿಲ್ಲ. ಬರಿಯ ಸಾದಾ ಹೆಣೆದರೆ ಬಟ್ಟೆ ಸುತ್ತಿಕೊಂಡೇ ತೀರುತ್ತದೆ. ಉಲ್ಟಾ ಕುಣಿಕೆ ನೂಲನ್ನು ಮುಂದಕ್ಕೆ ತಂದು ಎಳೆತವನ್ನು ಎರಡು ಕಡೆಗೂ ಹಂಚುತ್ತದೆ. ಜೇನುಗೂಡು ಹೆಚ್ಚು ಸುರುಳಿಯಾಗದಿರಲು ಇದೇ ಕಾರಣ. ಕಡ್ಡಿ ದಪ್ಪಗಿದ್ದು ಕೈ ಸಡಿಲವಾಗಿದ್ದರೆ ಉಳಿದದ್ದೂ ಸರಿಹೋಗುತ್ತದೆ. ನನ್ನ ಕೈ ಬಿಗಿ. “ನೂಲನ್ನು ಕಳ್ಳನನ್ನು ಹಿಡಿದ ಹಾಗೆ ಹಿಡಿಯಬೇಡ ಮಾರಾಯ್ತಿ” ಎಂದು ಅತ್ತೆ ಹತ್ತು ಸಲವಾದರೂ ಹೇಳಿದ್ದಾರು.

ನಾಲ್ಕನೆಯ ದಿನ ಅರ್ಧ ಪಟ್ಟಿ ನನ್ನ ಕೈಗೆ ಬಂತು.

ಐವತ್ತು ಕುಣಿಕೆಗಳ ಒಂದು ಸಾಲು ಹೋಗಿ ಬರಲು ನನಗೆ ಹನ್ನೆರಡು ನಿಮಿಷ ಬೇಕಾಗುತ್ತಿತ್ತು. ಒಂದು ಪಟ್ಟಿಗೆ 120 ಸಾಲುಗಳು. ಉಳಿದಿದ್ದದ್ದು ಒಂದೂವರೆ ಪಟ್ಟಿ, ಅಂದರೆ 180 ಸಾಲು, 36 ಗಂಟೆ. ಅಡಿಗೆ, ಬಂದವರು ಹೋದವರು, ಕರೆಂಟು ಹೋದ ಸಂಜೆಗಳು, ಇವುಗಳ ನಡುವೆ ಆ ಗಂಟೆಗಳನ್ನು ಹೆಕ್ಕಿ ತೆಗೆಯಬೇಕು. (ಕರೆಂಟು ಹೋದಾಗಲೂ ಕೆಲಸ ನಿಲ್ಲಿಸಬೇಕಾಗಿರಲಿಲ್ಲ ಎಂಬುದನ್ನು ಒಂದು ವಾರದ ಮೇಲೆ ಕಂಡುಕೊಂಡೆ.) ನೂಲಿನ ವಿಷಯದಲ್ಲಿಯೂ ಒಂದು ಫಜೀತಿಯಾಯಿತು. ಈ ಹೆಣಿಗೆ ನೂಲನ್ನು ಬಹಳ ನುಂಗುತ್ತದೆ. ಅತ್ತೆ ತರಿಸಿದ್ದದ್ದು ಸಾಲಲಿಲ್ಲ. ಪೇಟೆಯ ಅಂಗಡಿಯಲ್ಲಿ ಅದೇ ಬಣ್ಣದ, ಅದೇ ಸಂಖ್ಯೆಯ ನೂಲು ಕೊಟ್ಟರು. ಮನೆಗೆ ತಂದು ಹಗಲ ಬೆಳಕಿನಲ್ಲಿ ನೋಡಿದರೆ ಒಂದು ಕೆನೆ, ಇನ್ನೊಂದು ಹಾಲು. ಬಣ್ಣ ಅದ್ದಿದ ತಂಡ ಬೇರೆಯಾದರೆ ಹೀಗಾಗುತ್ತದೆ. ಆ ತಂಡದ ಸಂಖ್ಯೆಯನ್ನು ಸುರುಳಿಯ ಕಾಗದದ ಮೇಲೆ ಮುದ್ರಿಸಿರುತ್ತಾರೆ, ಕೊಳ್ಳುವಾಗಲೇ ನೋಡಿಕೊಳ್ಳಬೇಕು. ಕಡೆಯ ಪಟ್ಟಿ ಪೂರ್ತಿ ಹೊಸ ನೂಲಿನದೇ ಆಗಲೆಂದು ತೀರ್ಮಾನಿಸಿದೆವು. ಅತ್ತೆಗೆ ಬಣ್ಣದ ಚಿಂತೆಯಿರಲಿಲ್ಲ. “ಮೆತ್ತಗೆ ಉಂಟಲ್ಲ, ಸಾರ ಇಲ್ಲ” ಎಂದುಬಿಟ್ಟರು.

ಒಂದು ದಿನ ನೆಂಟರೊಬ್ಬರು ಬಂದವರು, “ಒಳ್ಳೆ ಪುರುಸೊತ್ತಿನ ಕೆಲಸ” ಎಂದು ಮೆಚ್ಚಿ ಹೋದರು. ಮೆಚ್ಚುಗೆಯೇ ಸರಿ, ಆದರೂ ನನಗೆ ಆಂಧ್ರದ ನರಸಾಪುರ ನೆನಪಾಯಿತು. ಗೋದಾವರಿಯ ಮುಖಜ ಭೂಮಿಯ ಆ ಸೀಮೆಯಲ್ಲಿ ಮಿಶನರಿಗಳು 19ನೆಯ ಶತಮಾನದಲ್ಲಿ ಕಲಿಸಿದ ಕ್ರೋಶೆಯ ಲೇಸು ಮನೆಮನೆಯ ಹೆಂಗಸರ ಕೈಗೆ ಇಳಿದು, ಹಡಗು ಹತ್ತಿ ಪರದೇಶಗಳಿಗೆ ಹೋಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿ ಅಧ್ಯಯನ ನಡೆಸಿ 1982ರಲ್ಲಿ ಪ್ರಕಟಿಸಿದ ಪುಸ್ತಕ ಓದಿದವರಿಗೆ ಆ ಲೇಸು ಮೊದಲಿನಂತೆ ಕಾಣುವುದಿಲ್ಲ. ಮನೆಗೆಲಸವೆಲ್ಲ ಮುಗಿದ ಮೇಲೆ ದಿನಕ್ಕೆ ಆರೆಂಟು ಗಂಟೆ ಹೆಣೆಯುತ್ತಿದ್ದ ಆ ಹೆಂಗಸರನ್ನು ಕೆಲಸಗಾರರೆಂದು ಯಾರೂ ಎಣಿಸುತ್ತಿರಲಿಲ್ಲ; ಮನೆಯಲ್ಲಿ ಕುಳಿತು ಪುರುಸೊತ್ತಿನಲ್ಲಿ ಮಾಡುವುದೆಂಬ ಕಾರಣಕ್ಕೆ ಕೂಲಿ ತೀರ ಕಡಿಮೆ. 2024ರಲ್ಲಿ ನರಸಾಪುರದ ಲೇಸಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಹೆಸರಿಗೆ ಬಂದ ಮಾನ ಬೆರಳುಗಳಿಗೂ ಬಂದರೆ ಸಂತೋಷ. ನನ್ನ 36 ಗಂಟೆಗೆ ಕೂಲಿ ಕೇಳುವ ಪ್ರಶ್ನೆಯಿಲ್ಲ, ನಿಜ. ಆದರೆ ಅದು ಪುರುಸೊತ್ತು ಎಂದು ಮಾತ್ರ ನಾನು ಒಪ್ಪಲಾರೆ.

ಎರಡನೆಯ ಪಟ್ಟಿಯಲ್ಲಿ ಹದಿನಾಲ್ಕು ಸಾಲು ಏರಿದ ಮೇಲೆ ಅಂಚಿನಲ್ಲಿ ಒಂದು ಕುಣಿಕೆ ಕಡಿಮೆಯಿದ್ದದ್ದು ತಿಳಿಯಿತು. ಹದಿನಾಲ್ಕನ್ನೂ ಬಿಚ್ಚಬೇಕೇ, ಎಲ್ಲಿಯಾದರೂ ಒಂದನ್ನು ಹೆಚ್ಚಿಸಿ ಮುಚ್ಚಿಬಿಡಬಹುದೇ? ಅತ್ತೆಗೆ ಹೇಳದಿದ್ದರೆ ತಿಳಿಯಲಾರದೆಂದು ಒಂದು ಕ್ಷಣ ಮನಸ್ಸು ಜಾರಿತು. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಹೇಳಿದೆ. “ಬಿಚ್ಚು” ಎಂದರು. ಬಿಚ್ಚಿದೆ. ಬರುವ ಸಾಲನ್ನು ಮೊದಲು ಎಳೆದರೆ ಹೋಗುವ ಸಾಲಿನ ಕುಣಿಕೆಗಳು ಬರಿದೇ ನಿಲ್ಲುತ್ತವೆ. ಅವುಗಳನ್ನು ಒಂದೊಂದಾಗಿ ಬಿಡಬೇಕು. ಕಟ್ಟಿದಷ್ಟೇ ಜಾಗ್ರತೆ ಕಳಚುವುದಕ್ಕೂ ಬೇಕು. ಆ ದಿನದಿಂದ ಪ್ರತಿ ಹತ್ತು ಸಾಲಿಗೊಮ್ಮೆ ಅಂಚಿಗೆ ಬಣ್ಣದ ದಾರದ ತುಂಡೊಂದನ್ನು ಕಟ್ಟಿ, ಅಲ್ಲಿಗೆ ಕುಣಿಕೆಗಳನ್ನು ಒಮ್ಮೆ ಎಣಿಸಿಬಿಡುತ್ತಿದ್ದೆ. ಕಲಿಯುವವರು ಈ ಅಭ್ಯಾಸವನ್ನು ಮೊದಲ ದಿನವೇ ಹಿಡಿಯುವುದು ಮೇಲು.

ಮುಗಿಸುವ ಕ್ರಮ ಸುಲಭ: ಕಡೆಯ ಹೋಗುವ ಸಾಲಿನಲ್ಲಿ ಕುಣಿಕೆಯನ್ನು ಕಡ್ಡಿಯ ಮೇಲೆ ಬಿಡದೆ, ಎಳೆದದ್ದನ್ನು ಆಗಲೇ ಹಿಂದಿನ ಕುಣಿಕೆಯೊಳಗಿನಿಂದ ಹೊರಡಿಸಿಬಿಡುವುದು. ಎರಿಯ ವಿನ್ಯಾಸವನ್ನು ಇಲ್ಲಿಯೂ ಪಾಲಿಸಿದರೆ ಮೇಲಂಚು ಎದ್ದು ಕಾಣುವುದಿಲ್ಲ.

ಸೋಣ ತಿಂಗಳ ಎರಡನೆಯ ವಾರ ಮೂರು ಪಟ್ಟಿಗಳನ್ನೂ ಸೂಜಿಯಿಂದ ಜೋಡಿಸಿದೆ. ಹೊದಿಕೆಯನ್ನು ಅತ್ತೆಯ ಮಡಿಲಿಗೆ ಹರಡಿದಾಗ ಅವರು ಏನೂ ಹೇಳದೆ ಎಡಗೈಯ ಹೆಬ್ಬೆರಳನ್ನು ನಡುವಿನ ಪಟ್ಟಿಯ ಬುಡದಲ್ಲಿಟ್ಟು ಮೆಲ್ಲನೆ ಮೇಲಕ್ಕೆ ಸರಿಸುತ್ತ ಹೋದರು. ನನ್ನ ಕೈ ಸಡಿಲವಾಗಿದೆ, ಸೇರಿದ ಜಾಗ ಗೊತ್ತಾಗದು ಎಂದು ನನಗೆ ಸಣ್ಣದೊಂದು ಹೆಮ್ಮೆಯಿತ್ತು. ಬೆರಳು ಅರ್ಧದಲ್ಲಿ ನಿಂತಿತು.

“ಇಲ್ಲಿಂದ ನಿನ್ನದು.”

ಕಾಲು ಇಂಚಿನಷ್ಟು ಕಿರಿದಾಗಿತ್ತು. ಬಿಚ್ಚಲೇ ಎಂದು ಕೇಳಿದೆ. ಈ ಸಲ ಅವರು ತಲೆಯಲ್ಲಾಡಿಸಿದರು. ಹತ್ತಿಯಲ್ಲವೇ, ಒದ್ದೆ ಮಾಡಿ ಹದವಾಗಿ ಎಳೆದು, ಪಿನ್ನು ಚುಚ್ಚಿ ಒಣಗಿಸಿದರೆ ಸರಿಹೋದೀತು ಎಂದರು. ಹೊರಗೆ ಒಣಗಿಸಲು ಬಿಸಿಲೆಲ್ಲಿದೆ? ಬಚ್ಚಲೊಲೆಯ ಹಿಂದಿನ ಬೆಚ್ಚಗಿನ ಕೋಣೆಯಲ್ಲಿ ಹಳೆಯ ಚಾಪೆ ಹಾಸಿ, ಅದರ ಮೇಲೊಂದು ಪಂಚೆ ಹರಡಿ, ಒದ್ದೆಯ ಹೊದಿಕೆಯನ್ನು ನಾಲ್ಕೂ ಕಡೆಗೆ ಎಳೆದು ಅರುವತ್ತು ಪಿನ್ನು ಚುಚ್ಚಿದೆವು. ಅಂಚು ನೆಟ್ಟಗಿದೆಯೇ ಎಂದು ಅತ್ತೆ ಬೆರಳಿನಲ್ಲಿ ನೋಡಿ ಹೇಳಿದರು, ನಾನು ಪಿನ್ನು ಸರಿಸಿದೆ. ಒಣಗಲು ಮೂರು ದಿನ ಹಿಡಿಯಿತು. ಒಲೆಯ ಹೊಗೆಯ ವಾಸನೆ ಸ್ವಲ್ಪ ಉಳಿದಿತ್ತು. ಮೈಸೂರಿನಿಂದ ಮೊಮ್ಮಗಳು ಫೋನು ಮಾಡಿದಾಗ, ಅದನ್ನು ತೊಳೆಯಲೇ ಎಂದು ಕೇಳಿದಳು. ಬೇಡ ಎಂದೆವು, ಇಬ್ಬರೂ ಒಟ್ಟಿಗೆ.